ಶನಿವಾರ ಮುನಿಸಿಕೊಳ್ಳುತ್ತಿದ್ದ ನೀಲಿ ಪೆಟ್ಟಿಗೆ

ಶುಕ್ರವಾರ ಬೆಳಿಗ್ಗೆ ನೂರುಲ್ಲಾ ಬಂದು ಬಾಗಿಲಲ್ಲಿ ನಿಂತಾಗ ಕೌಸಲ್ಯಾ ಮತ್ತು ಗೆಳತಿ ರಾಧಾಮಣಿ ಎದುರುಬದುರು ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ರಾಧಾಮಣಿಯ ಬೆರಳಿಂದ ಒಂದು ಕಾಳು ಚಿಮ್ಮಿ ಅವನ ಕಾಲ ಬಳಿ ಬಿತ್ತು. ಅವನು ಬಗ್ಗಿ ಅದನ್ನೆತ್ತಿ, ಅಂಗಿಯ ತುದಿಯಿಂದ ಒರೆಸಿ, ಎಲ್ಲಿಡಬೇಕೆಂದು ತೋಚದೆ ಅಂಗೈಯಲ್ಲೇ ಹಿಡಿದುಕೊಂಡ.

"ಏನ್ ಸಮಾಚಾರ ನೂರುಲ್ಲಾ? ಮುಖ ಯಾಕೆ ಹಿಂಗಿದೆ?" ಎಂದರು ಕೌಸಲ್ಯಾ.

"ಭಾನುವಾರ ನನ್ನ ಹೆಸರು ಸಂಘದ ಬೋರ್ಡಿಗೆ ಹಾಕ್ತಾರಂತಮ್ಮಾ."

"ಯಾಕೆ, ಸನ್ಮಾನವಾ?"

"ಅವಮಾನ."

ಕೌಸಲ್ಯಾ ಕೈ ತೊಳೆದುಕೊಂಡು ಬಂದು ಕುರ್ಚಿ ಎಳೆದುಕೊಟ್ಟರು. ನೂರುಲ್ಲಾ ಅದರ ಅಂಚಿನಲ್ಲಷ್ಟೇ ಕೂತ. ಅಟ್ಟೂರು ಮುಖ್ಯರಸ್ತೆಯಲ್ಲಿ ಅವನ ರಿಪೇರಿ ಅಂಗಡಿಗೆ ಇಪ್ಪತ್ತೆರಡು ವರ್ಷ. ಬಡಾವಣೆಯ ಅರ್ಧದಷ್ಟು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟಿವಿಗಳು ಅವನ ಕೈಯಲ್ಲಿ ಒಂದಲ್ಲ ಒಂದು ಸಲ ಜೀವ ಪಡೆದಿದ್ದವು. ರಾಧಾಮಣಿಯವರು ತಮ್ಮ ಯಜಮಾನರ ಹಳೆಯ ರೇಡಿಯೋ ಕೊಟ್ಟಾಗ ಅದನ್ನು ಸರಿಮಾಡಿದ್ದಲ್ಲದೆ, ಸವೆದುಹೋಗಿದ್ದ ಚರ್ಮದ ಪಟ್ಟಿಯನ್ನೂ ಹೊಲಿಸಿ ತಂದಿದ್ದ. ಅದಕ್ಕೆ ದುಡ್ಡಿನ ಸುದ್ದಿಯನ್ನೇ ಎತ್ತಿರಲಿಲ್ಲ. ಅಂಥವನ ಹೆಸರು ಬೋರ್ಡಿಗೆ ಹೋಗುವುದೆಂದರೇನು?

"ಓದುಕೋಣೆಗೆ ನಾನು ಕಳಪೆ ಮಾಲು ಹಾಕಿದೀನಂತೆ," ಎಂದ ನೂರುಲ್ಲಾ. "ಬಾಲರಾಜ್ ಸರ್ ಹೇಳಿದ್ರು. ಭಾನುವಾರ ಮೀಟಿಂಗಲ್ಲಿ ನಿರ್ಣಯ ಮಾಡಿ, ಈ ಅಂಗಡೀಗೆ ಯಾರೂ ಕೆಲಸ ಕೊಡಬೇಡಿ ಅಂತ ಬೋರ್ಡಿಗೂ ವಾಟ್ಸಾಪ್ ಗ್ರೂಪಿಗೂ ಹಾಕ್ತಾರಂತೆ. ನಾನೂರ ಅರವತ್ತು ಮನೆ ಇದೆಯಮ್ಮಾ ಆ ಗ್ರೂಪಲ್ಲಿ. ನಮ್ಮಪ್ಪ ಯಲಹಂಕ ಹಳೇ ಪೇಟೇಲಿ ರೇಡಿಯೋ ರಿಪೇರಿ ಮಾಡ್ತಿದ್ದೋರು. ಇಬ್ಬರೂ ಸೇರಿ ಸಂಪಾದಿಸಿದ್ದು ಇದೊಂದು ಹೆಸರು."

ಬಾಲರಾಜ್ ಬಡಾವಣೆಯ ಸಂಘದ ಕಾರ್ಯದರ್ಶಿ. ಓದುಕೋಣೆ ಸಂಘದ ಕಟ್ಟಡದಲ್ಲೇ ಇದ್ದ ಒಂದು ಸಣ್ಣ ಕೋಣೆ. ನಿವೃತ್ತ ಮುಖ್ಯೋಪಾಧ್ಯಾಯ ಗುಂಡಣ್ಣ ಮೇಷ್ಟ್ರು ಎರಡು ವರ್ಷದಿಂದ ಅಲ್ಲಿ ಕೂತು, ಕಣ್ಣು ಕಾಣದ ಹನ್ನೊಂದು ವಿದ್ಯಾರ್ಥಿಗಳಿಗಾಗಿ ಪಿಯುಸಿ ಪಠ್ಯಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದರು. ಇಡೀ ಅಟ್ಟೂರಿಗೆ ಅದರ ಬಗ್ಗೆ ಹೆಮ್ಮೆ. ಬೇರೆ ಬಡಾವಣೆಯವರು ಈಜುಕೊಳ ತೋರಿಸಿದರೆ ಇವರು ನೆಂಟರಿಷ್ಟರನ್ನು ಕರೆದೊಯ್ದು ಓದುಕೋಣೆ ತೋರಿಸುತ್ತಿದ್ದರು.

"ಏಳು ವಾರದ ಹಿಂದೆ ಒಳ್ಳೇ ಮೈಕು, ಅದಕ್ಕೊಂದು ನೀಲಿ ಪೆಟ್ಟಿಗೆ ಹಾಕ್ಕೊಟ್ಟೆ. ಮೈಕಿನ ದನಿ ಪೆಟ್ಟಿಗೆಗೆ ಬಂದು, ಅಲ್ಲಿಂದ ಯುಎಸ್‌ಬಿ ವೈರಲ್ಲಿ ಲ್ಯಾಪ್‌ಟಾಪಿಗೆ ಹೋಗುತ್ತೆ. ಪೆಟ್ಟಿಗೆ ಮಾತು ಲ್ಯಾಪ್‌ಟಾಪಿಗೆ ಅರ್ಥ ಆಗೋಕೆ ಮಧ್ಯೆ ಒಬ್ಬ ದುಭಾಷಿ ಬೇಕಲ್ಲ, ಆ ಸಾಫ್ಟ್‌ವೇರಿಗೆ ಡ್ರೈವರ್ ಅಂತಾರೆ. ಆ ದುಭಾಷೀನೇ ಕೈಕೊಡ್ತಾನೆ."

"ಯಾವಾಗ?"

"ಶನಿವಾರ. ಗುರುವಾರದವರೆಗೆ ಚಿನ್ನದಂಗಿರುತ್ತೆ. ಶುಕ್ರವಾರ ಕೋಣೆಗೆ ರಜ. ಶನಿವಾರ ಮೇಷ್ಟ್ರು ಬಂದು ಕೂತ್ರೆ ಪೆಟ್ಟಿಗೆ ಸಿಗ್ತಿಲ್ಲ ಅಂತ ಬರುತ್ತೆ. ಕಂಪನಿಗೆ ಫೋನ್ ಮಾಡಿದ್ರೆ ನಲವತ್ತು ನಿಮಿಷ ಹಾಡು ಕೇಳಿಸ್ತಾರೆ. ಆಮೇಲೆ, ಡ್ರೈವರ್ ತೆಗೀರಿ, ವೈರ್ ಕಿತ್ಹಾಕಿ, ಆಫ್ ಮಾಡಿ ಆನ್ ಮಾಡಿ, ಮತ್ತೆ ಹಾಕಿ ಅಂತಾರೆ. ಹಾಕಿದ್ರೆ ಸರಿಹೋಗುತ್ತೆ. ಮುಂದಿನ ಶನಿವಾರ ಮತ್ತೆ ಅದೇ ಗೋಳು. ಹದಿನೈದು ದಿನದ ಹಿಂದೆ, ಹೊಸ ಡ್ರೈವರ್ ಬಿಟ್ಟಿದೀವಿ, ಇನ್ಮೇಲೆ ತೊಂದ್ರೆ ಇಲ್ಲ ಅಂದ್ರು. ಹಾಕ್ದೆ. ಅದು ಇನ್ನೂ ದೊಡ್ಡ ಘಾತ ಮಾಡ್ತು."

ಘಾತ ಏನೆಂದರೆ, ಕಳೆದ ಶನಿವಾರ ಲ್ಯಾಪ್‌ಟಾಪು ಯಾವ ದೂರನ್ನೂ ಹೇಳಲಿಲ್ಲ. ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಮೇಷ್ಟ್ರು ನಿಶ್ಚಿಂತೆಯಿಂದ ಆರು ದಿನ ಓದಿ ಒಂಬತ್ತು ಪಾಠ ಮುಗಿಸಿದರು. ನಿನ್ನೆ ಸಂಜೆ ಅವನ್ನು ಕೇಳಿದ ಭಾವನಾ ಎಂಬ ವಿದ್ಯಾರ್ಥಿನಿ ಚಿಕ್ಕಬಾಣಾವರದಿಂದ ಫೋನು ಮಾಡಿ, ಮೇಷ್ಟ್ರು ಬಾವಿಯೊಳಗೆ ಕೂತು ಮಾತಾಡಿದಂತಿದೆ, ಪದಗಳೇ ಹತ್ತುತ್ತಿಲ್ಲ ಎಂದಿದ್ದಳು. ಮತ್ತೆ ಓದೋಣವೆಂದರೆ, ಬರುವ ಬುಧವಾರ ಮೇಷ್ಟ್ರ ಗಂಟಲಿಗೆ ಶಸ್ತ್ರಚಿಕಿತ್ಸೆ. ಆಮೇಲೆ ಎರಡು ತಿಂಗಳು ಮಾತಾಡುವ ಹಾಗಿಲ್ಲ. ಪರೀಕ್ಷೆ ಅಷ್ಟರೊಳಗೆ ಮುಗಿದೇ ಹೋಗುತ್ತದೆ.

"ಎಲ್ಲ ಶನಿವಾರಾನೂ ಕೆಡ್ತಾ?" ಕೌಸಲ್ಯಾ ಕೇಳಿದರು.

ನೂರುಲ್ಲಾ ಜೇಬಿನಿಂದ ಪುಟ್ಟ ಪುಸ್ತಕ ತೆಗೆದ. "ಮೊದಲ ಮೂರು ವಾರ ಕರೆದ್ರು, ಹೋಗಿದ್ದೆ. ನಾಲ್ಕನೇ ವಾರ ಕರೆದಿಲ್ಲ, ಚೆನ್ನಾಗೇ ಇತ್ತಂತೆ. ಐದನೇ ವಾರ ಮತ್ತೆ ಕೆಡ್ತು. ಆರನೇದು ಈ ಘಾತ."

"ನಾಲ್ಕನೇ ವಾರ ಯಾಕೆ ಚೆನ್ನಾಗಿತ್ತು?"

"ಅಲ್ಲಾಗೇ ಗೊತ್ತು."

"ಅವನಿಗೆ ಗೊತ್ತಿದ್ರೆ ಸಾಕು, ಕೇಳಿ ತಿಳ್ಕೊಳ್ಳೋಣ," ಎಂದು ಕೌಸಲ್ಯಾ ಸೆರಗು ಸರಿಪಡಿಸಿಕೊಂಡರು. "ಏಳೇ ರಾಧಾ, ಕಾಳು ಆಮೇಲೆ ನೋಡ್ಕೊಳ್ಳೋಣ."

ಈ ಮಾತು ಕೇಳಿದರೆ ರಾಧಾಮಣಿಗೆ ಈಗಲೂ ಮೈಯಲ್ಲಿ ಹುರುಪು ತುಂಬುತ್ತಿತ್ತು. ಕೌಸಲ್ಯಾ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತವರು. ಲೈನಿನಲ್ಲಿ ಉಸಿರು ಕೇಳಿದರೆ ಸಾಕು, ಆ ಕಡೆಯವರು ನಿಂತಿದ್ದಾರೋ ಕೂತಿದ್ದಾರೋ ಹೇಳುತ್ತಿದ್ದರು. ನಿವೃತ್ತರಾಗಿ ಅಟ್ಟೂರಿಗೆ ಬಂದ ಮೇಲೆ ಮಾಯವಾದ ಹಾಲಿನ ಪ್ಯಾಕೆಟ್ಟು, ತಾನಾಗೇ ಖಾಲಿಯಾಗುವ ನೀರಿನ ಟ್ಯಾಂಕು, ಹೀಗೆ ಹತ್ತಾರು ಒಗಟು ಬಿಡಿಸಿದ್ದರು. ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದ ರಾಧಾಮಣಿ ಅಷ್ಟನ್ನೂ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದರು.

ಓದುಕೋಣೆಯ ಬೀಗದ ಕೈ ಗೇಟಿನ ಬಳಿ ಮೊಳೆಗೆ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಒಳಗೆ ಮೇಜಿನ ಮೇಲೆ ಲ್ಯಾಪ್‌ಟಾಪು, ಮೈಕು, ಊಟದ ಡಬ್ಬಿಯಷ್ಟು ದೊಡ್ಡ ನೀಲಿ ಪೆಟ್ಟಿಗೆ. ಗೋಡೆಯ ಮೇಲೆ ಬಾಲರಾಜರ ದುಂಡು ಅಕ್ಷರದಲ್ಲಿ ಒಂದು ಸೂಚನೆ: ‘ಲ್ಯಾಪ್‌ಟಾಪನ್ನು ಯಾವುದೇ ಕಾರಣಕ್ಕೂ ಈ ಕೋಣೆಯಿಂದ ಹೊರಗೆ ಒಯ್ಯಕೂಡದು.’ ಮೇಷ್ಟ್ರು ಒಬ್ಬರೇ ಕಿಟಕಿಯ ಬಳಿ ಕೂತಿದ್ದರು. ಹತ್ತಿರ ನಿಂತು ಬಾಲರಾಜರ ಅಣ್ಣನ ಮಗ ಜಯಂತ್ ಉಪದೇಶ ಮಾಡುತ್ತಿದ್ದ.

"ಯಾಕ್ ಸುಮ್ನೆ ಒದ್ದಾಟ ಮೇಷ್ಟ್ರೇ? ಕಂಪ್ಯೂಟರ್ ವಾಯ್ಸ್ ಇದೆ. ಪುಸ್ತಕ ಕೊಟ್ರೆ ಅದೇ ಓದುತ್ತೆ. ಮೈಕೂ ಬೇಡ, ಡ್ರೈವರೂ ಬೇಡ."

"ನಡುಗನ್ನಡ ಪದ್ಯ ಓದಿಸಿ ನೋಡ್ದೆಯೇನಪ್ಪಾ?"

"ನೋಡ್ದೆ." ಜಯಂತ್ ತಲೆ ಕೆರೆದುಕೊಂಡ. "ಅದು ಪದ್ಯಾನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಅನೌನ್ಸ್‌ಮೆಂಟ್ ತರ ಓದುತ್ತೆ."

ಮೇಷ್ಟ್ರು ನಕ್ಕರು. ನಗುವಾಗ ಗಂಟಲು ಹಿಡಿದುಕೊಂಡರು. ರಾಧಾಮಣಿಯ ಅನುಮಾನವೆಲ್ಲ ಕೂಡಲೇ ಜಯಂತನ ಮೇಲೆ ಹೋಯಿತು. ಯಂತ್ರದ ದನಿ ತರಬೇಕೆಂದರೆ ಮೊದಲು ಮೈಕು ಕೆಡಬೇಕಲ್ಲವೇ? ಕೌಸಲ್ಯಾ ಮಾತ್ರ ತಾವು ಮನೆಯಿಂದ ತಂದ ಹೆಡ್‌ಫೋನು ಹಾಕಿಕೊಂಡು ಕೆಟ್ಟ ಪಾಠವೊಂದನ್ನು ಕಣ್ಮುಚ್ಚಿ ಕೇಳತೊಡಗಿದ್ದರು. ಹತ್ತು ನಿಮಿಷವಾದ ಮೇಲೆ ರಾಧಾಮಣಿಗೂ ಕೇಳಿಸಿದರು.

"ಮೇಷ್ಟ್ರು ದೂರ ಇದಾರೆ. ಆದ್ರೆ ಹತ್ತಿರದಲ್ಲಿ ಏನೋ ಇದೆ, ಕೇಳು. ಗುರ್ರ್ ಅಂತ ಹೋಗ್ತಾ ಹೋಗ್ತಾ ಟಿಕ್ ಅನ್ನುತ್ತೆ."

"ಅದು ಲ್ಯಾಪ್‌ಟಾಪಿನೊಳಗಿನ ಫ್ಯಾನಮ್ಮಾ," ಎಂದ ನೂರುಲ್ಲಾ. "ಅದು ಸವೆದಿದೆ. ಬದಲಾಯಿಸಿ ಅಂತ ಆಗಲೇ ಹೇಳಿದ್ದೆ. ಈ ಮಾಡೆಲ್ ಅಟ್ಟೂರಲ್ಲಿ ಇದೊಂದೇ ಉಳಿದಿರೋದು."

"ಅಂದ್ರೆ ದನಿ ಹಿಡಿದಿದ್ದು ಮೇಜಿನ ಮೇಲಿನ ಮೈಕಲ್ಲ, ಲ್ಯಾಪ್‌ಟಾಪಿನ ಹೊಟ್ಟೇಲಿರೋ ಮೈಕು."

ನೂರುಲ್ಲಾ ಹಣೆ ಬಡಿದುಕೊಂಡ. "ಪೆಟ್ಟಿಗೆ ಸಿಗದೆ ಇದ್ದಾಗ ಹೊಸ ಡ್ರೈವರ್ ಬಾಯಿ ಮುಚ್ಕೊಂಡಿದೆ. ಲ್ಯಾಪ್‌ಟಾಪು ಸದ್ದಿಲ್ಲದೆ ತನ್ನ ಮೈಕಿಗೆ ಹೋಗಿಬಿಟ್ಟಿದೆ! ಮೇಷ್ಟ್ರು ಹೆಡ್‌ಫೋನ್ ಹಾಕಿದ್ರೆ ಗೊತ್ತಾಗಿರೋದು."

"ನನ್ನ ದನಿ ನಾನೇ ಕೇಳಿದ್ರೆ ನನಗೆ ನಿದ್ದೆ ಬರುತ್ತೆ ಕಣಯ್ಯಾ. ಮೂವತ್ತಾರು ವರ್ಷ ಹುಡುಗರಿಗೂ ಹಂಗೇ ಆಗಿದೆ," ಎಂದರು ಮೇಷ್ಟ್ರು.

ಆಗ ಕೈಯಲ್ಲಿ ಬಕೀಟು ಹಿಡಿದು ಮುನಿನಾರಾಯಣಮ್ಮ ಬಂದಳು. ಹಳೇ ಅಟ್ಟೂರು ಊರಿನವಳು, ಸಂಘದ ಕಟ್ಟಡವನ್ನೆಲ್ಲ ಸ್ವಚ್ಛ ಮಾಡುವವಳು. ಶುಕ್ರವಾರ ಓದುಕೋಣೆಯ ಪಾಳಿ.

"ಎಲ್ರೂ ಇದೀರಿ, ಆಮ್ಯಾಕ್ ಬರ್ಲಾ?"

"ಬಾ ಬಾ. ಪ್ರತಿ ವಾರ ಹೆಂಗೆ ಮಾಡ್ತೀಯೋ ಹಂಗೇ ಮಾಡು. ನಾವು ಸುಮ್ನೆ ನೋಡ್ತೀವಿ," ಎಂದು ಕೌಸಲ್ಯಾ ಲ್ಯಾಪ್‌ಟಾಪಿನತ್ತ ಬಾಗಿದರು. ರಾಧಾಮಣಿಯೂ ಬಾಗಿ ನೋಡಿದರು. ಪೆಟ್ಟಿಗೆಯ ವೈರು ಲ್ಯಾಪ್‌ಟಾಪಿನ ಎಡಮಗ್ಗುಲಿಗೆ ಚುಚ್ಚಿಕೊಂಡಿತ್ತು. ವೈರಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕುಂಕುಮದ ಬೊಟ್ಟು. ಲ್ಯಾಪ್‌ಟಾಪಿನ ಬಲಮಗ್ಗುಲಲ್ಲಿ, ಖಾಲಿಯಿದ್ದ ತೂತಿನ ಪಕ್ಕದಲ್ಲೂ ಅಂಥದ್ದೇ ಒಂದು ಬೊಟ್ಟು.

ಮುನಿನಾರಾಯಣಮ್ಮ ವೈರುಗಳನ್ನೆಲ್ಲ ಬಿಡಿಸಿದಳು, ಪೆಟ್ಟಿಗೆಯನ್ನು ಮಗುವನ್ನೆತ್ತುವಂತೆ ಎತ್ತಿ ಕುರ್ಚಿಯ ಮೇಲಿಟ್ಟಳು, ಮೇಜು ಒರೆಸಿ ಒಣಬಟ್ಟೆ ಹಾಕಿದಳು. ಎಲ್ಲವನ್ನೂ ವಾಪಸು ಜೋಡಿಸುವಾಗ ವೈರಿನ ತುದಿಯನ್ನು ಕಣ್ಣ ಹತ್ತಿರ ತಂದು ನೋಡಿ, ಬಲಗಡೆಯ ತೂತಿಗೆ ಚುಚ್ಚಿದಳು.

"ಈ ಬೊಟ್ಟು ಯಾರಿಟ್ಟಿದ್ದು?"

"ನಾನೇ ಕಣವ್ವಾ. ನಂಗೆ ಓದಾಕ್ ಬರಾಕಿಲ್ಲ. ಯಾವ್ದು ಎಲ್ಲಿತ್ತೋ ಅಲ್ಲೇ ಓಗ್ಬೇಕಲ್ಲ, ಅದ್ಕೇ ಮೊದಲ್ನೇ ವಾರವೇ ಇಂಗೆ ಗುರ್ತು ಮಾಡ್ಕಂಡೆ. ತೆಪ್ಪಾ?"

"ತಪ್ಪಲ್ಲ," ಎಂದ ಕೌಸಲ್ಯಾ ಅವಳ ಒದ್ದೆ ಕೈಯನ್ನೊಮ್ಮೆ ಹಿಡಿದು ಬಿಟ್ಟರು. "ನೂರುಲ್ಲಾ, ಡ್ರೈವರ್ ಹಾಕುವಾಗ ನೀನು ವೈರು ಎಲ್ಲಿಗೆ ಚುಚ್ಚುತೀಯಾ?"

"ಬಲಗಡೆಗೆ. ನಾನು ಆ ಕಡೇನೇ ಕೂರೋದು. ಕೈಗೆ ಅದೇ ಸಿಗುತ್ತೆ."

ಮನೆಗೆ ಬಂದ ಕೌಸಲ್ಯಾ ಕಂಪನಿಗೆ ಫೋನು ಮಾಡಿದರು. ಒಂದು ಒತ್ತಿ, ಮೂರು ಒತ್ತಿ, ಒಂಬತ್ತು ಒತ್ತಿ, ಆಮೇಲೆ ಹಾಡು. ಐವತ್ತು ನಿಮಿಷ ಕೌಸಲ್ಯಾ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಅವರೆಕಾಳು ಹಿತುಕಿದರು. ಕೊನೆಗೆ ಒಬ್ಬ ಹುಡುಗಿಯ ದಣಿದ ದನಿ ಬಂತು. ‘ಡ್ರೈವರ್ ತೆಗೀರಿ ಮೇಡಂ’ ಎಂದು ಅವಳು ಶುರುಮಾಡುವ ಮೊದಲೇ ಕೌಸಲ್ಯಾ ಕೇಳಿದರು: "ಬೆಳಿಗ್ಗೆಯಿಂದ ಎಷ್ಟು ಜನ ಬೈದ್ರಮ್ಮಾ ನಿನಗೆ?"

ಆ ಕಡೆಯಿಂದ ಸಣ್ಣ ನಗು. "ಹದಿನೇಳು ಜನ, ಮೇಡಂ."

"ನಾನೂ ನಿನ್ನ ಸೀಟಲ್ಲೇ ಕೂತಿದ್ದೋಳು. ಬೈಯಲ್ಲ. ಒಂದೇ ಪ್ರಶ್ನೆ. ಒಂದು ತೂತಲ್ಲಿಟ್ಟು ಡ್ರೈವರ್ ಹಾಕಿ, ಆಮೇಲೆ ವೈರನ್ನ ಇನ್ನೊಂದು ತೂತಿಗೆ ಹಾಕಿದ್ರೆ ಏನಾಗುತ್ತೆ?"

ಹುಡುಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಕೌಸಲ್ಯಾ "ನೀರು ಕುಡಿದು ಮುಂದಿನ ಫೋನ್ ತಗೋ ಮಗಳೇ" ಎಂದು ಇಟ್ಟರು. ರಾಧಾಮಣಿಗೆ ಹೇಳಿದ್ದು ಇಷ್ಟೇ: "ಸಂಜೆ ಭಜನೆಗೆ ನಾನೂ ಬರ್ತೀನಿ."

ರಾಧಾಮಣಿ ಬೆರಗಾದರು. ಶುಕ್ರವಾರ ಆರಕ್ಕೆ ಸಂಘದ ಸಭಾಂಗಣದಲ್ಲಿ ನಡೆಯುವ ಭಜನೆಗೆ ಕೌಸಲ್ಯಾ ಒಮ್ಮೆಯೂ ಬಂದವರಲ್ಲ. ಅಪಶ್ರುತಿ ಕೇಳಿದರೆ ಅವರಿಗೆ ಹಲ್ಲು ಜುಮ್ಮೆನ್ನುತ್ತಿತ್ತು. "ಈಗ ಶ್ರುತಿ ಬಹಳ ಚೆನ್ನಾಗಿರುತ್ತೆ ಕಣೇ," ಎಂದರು ರಾಧಾಮಣಿ. "ಮೊದಲು ಬಾಲರಾಜ್ ಫೋನಿಂದ ತಂಬೂರಿ ಹಾಕ್ತಿದ್ರು, ಕರಕರ ಅಂತಿತ್ತು. ಒಂದೆರಡು ತಿಂಗಳಿಂದ ದೊಡ್ಡ ಸ್ಪೀಕರಲ್ಲಿ ತುಂಬಿಕೊಂಡು ಬರುತ್ತೆ."

"ಪ್ರತಿ ಶುಕ್ರವಾರ ತಪ್ಪದೆ ನಡೆಯುತ್ತಾ?"

ರಾಧಾಮಣಿ ದಿನಚರಿ ತಿರುವಿದರು. "ಮೂರು ವಾರದ ಹಿಂದೆ ಇರಲಿಲ್ಲ. ಬಾಲರಾಜ್ ಚಿಕ್ಕಬಾಣಾವರದಲ್ಲಿ ತಂಗಿ ಮನೆ ಗೃಹಪ್ರವೇಶಕ್ಕೆ ಹೋಗಿದ್ರು. ನಾನೂ ಜಯಂತನೂ ಬಂದು ಬಾಗಿಲು ನೋಡಿ ವಾಪಸ್ ಹೋದ್ವಿ ಅಂತ ಬರ್ದಿದೀನಿ."

ಸಂಜೆ ಸಭಾಂಗಣದಲ್ಲಿ ದೇವರ ಪಟದ ಹಿಂದಿನಿಂದ ತಂಬೂರಿಯ ನಾದ ಹೊಳೆಯಂತೆ ಹರಿಯುತ್ತಿತ್ತು. ಬಾಲರಾಜ್ ಕಣ್ಮುಚ್ಚಿ ಹಾಡುತ್ತಿದ್ದರು. ದನಿ ದೊಡ್ಡದಲ್ಲದಿದ್ದರೂ ಭಕ್ತಿ ದೊಡ್ಡದು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಅವರು ತಂಬೂರಿಯನ್ನು ಒಂದು ಕ್ಷಣ ನಿಲ್ಲಿಸಿದರು. ಕೌಸಲ್ಯಾ ರಾಧಾಮಣಿಯ ಮೊಣಕೈ ಒತ್ತಿದರು. ರಾಧಾಮಣಿಗೆ ಕೇಳಿಸಿದ್ದು ಎದುರು ಮನೆಯ ನಾಯಿಯ ಬೊಗಳು ಮಾತ್ರ. ಕೌಸಲ್ಯಾ ತೃಪ್ತಿಯಿಂದ ಮುಂದಿನ ಹಾಡಿಗೆ ತಾಳ ಹಾಕಿದರು.

ಶನಿವಾರ ಬೆಳಿಗ್ಗೆ ಇಬ್ಬರೂ ಓದುಕೋಣೆಗೆ ಹೋಗಿ ನೋಡಿದರೆ ವೈರು ಮತ್ತೆ ಎಡಗಡೆಗೆ ಬಂದಿತ್ತು. ಕೌಸಲ್ಯಾ ಅದನ್ನು ಮುಟ್ಟಲಿಲ್ಲ.

ಭಾನುವಾರ ಹತ್ತು ಗಂಟೆಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೇಷ್ಟ್ರು, ಅವರ ಪಕ್ಕ ಭಾವನಾ. ಅಮ್ಮನ ಜೊತೆ ರೈಲು ಹತ್ತಿ ಬಂದಿದ್ದಳು. ಬಾಗಿಲ ಬಳಿ ನಿಂತ ನೂರುಲ್ಲಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ತಲೆ ಬಗ್ಗಿಸಿರಲಿಲ್ಲ. ಅದನ್ನು ನೋಡಿ ರಾಧಾಮಣಿಗೆ ಅವನ ಮೇಲೆ ಅಭಿಮಾನ ಉಕ್ಕಿತು.

ಬಾಲರಾಜ್ ನಿರ್ಣಯದ ಕಾಗದ ಎತ್ತಿದರು. "ಆರು ವಾರದಲ್ಲಿ ಐದು ಸಲ ಕೆಟ್ಟಿದೆ. ಒಂಬತ್ತು ಪಾಠ ಹಾಳಾಗಿದೆ. ಇದಕ್ಕೆ ಯಾರಾದ್ರೂ ಹೊಣೆ ಹೊರಬೇಕೋ ಬೇಡ್ವೋ?"

"ಹೊರಬೇಕು," ಎಂದು ಕೌಸಲ್ಯಾ ಎದ್ದರು. "ಅದಕ್ಕೆ ಮೊದಲು ಲ್ಯಾಪ್‌ಟಾಪು ಇಲ್ಲಿಗೆ ತರಿಸೋಣ. ಕಾರ್ಯದರ್ಶಿಗಳು ಒಪ್ಪಿದ್ರೆ."

ಬಾಲರಾಜ್ ಒಪ್ಪಿದರು. ಜಯಂತ್ ಎಲ್ಲವನ್ನೂ ಹಿಂದಿನಂತೆಯೇ ಜೋಡಿಸಿ, ವೈರು ಎಡಗಡೆಗೇ ಹಾಕಿದ. ಮೇಷ್ಟ್ರು ಒಂದು ಸಾಲು ಓದಿದರು. ಕೇಳಿಸಿದಾಗ ಭಾವನಾ ತಲೆಯಾಡಿಸಿದಳು: "ಬಾವಿ."

"ನೂರುಲ್ಲಾ, ಡ್ರೈವರ್ ಮುಟ್ಟಬೇಡ. ವೈರು ಮಾತ್ರ ಬಲಗಡೆಗೆ ಹಾಕು."

ನೂರುಲ್ಲಾ ಹಾಕಿದ. ಮೇಷ್ಟ್ರು ಅದೇ ಸಾಲು ಓದಿದರು. ಈ ಸಲ ದನಿ ಸಭಾಂಗಣದ ಮಧ್ಯದಲ್ಲಿ ಎದ್ದುನಿಂತಂತೆ ಬಂತು. ಭಾವನಾಳ ಮುಖ ಅರಳಿತು. "ಇದು ನಮ್ಮ ಮೇಷ್ಟ್ರು!"

ಸಭೆಯಲ್ಲಿ ಗುಜುಗುಜು. ಕೌಸಲ್ಯಾ ವಿವರಿಸತೊಡಗಿದರು. "ಪೆಟ್ಟಿಗೆ ಒಳ್ಳೇದು. ಹಾಕಿದವನ ಕೈಯೂ ಒಳ್ಳೇದು. ಕೆಟ್ಟದ್ದು ಕಂಪನಿಯ ಡ್ರೈವರ್. ಅದಕ್ಕೆ ತನ್ನನ್ನ ಮೊದಲು ಕೂರಿಸಿದ ತೂತು ಮಾತ್ರ ನೆನಪಿರುತ್ತೆ. ಬೇರೆ ತೂತಿಗೆ ಹಾಕಿದ್ರೆ ತನ್ನ ಪೆಟ್ಟಿಗೆಯನ್ನ ತಾನೇ ಗುರುತಿಸಲ್ಲ. ನೂರಾರು ಜನ ಇದೇ ದೂರು ಕೊಟ್ಟಿದಾರಂತೆ. ಕಂಪನಿಯವರಿಗೆ ಗೊತ್ತು, ಆದ್ರೆ ತಾವಾಗಿ ಹೇಳಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿ ಅಂತಾರೆ. ಪ್ರತಿ ಶನಿವಾರ ನೂರುಲ್ಲಾ ಡ್ರೈವರ್ ಹಾಕೋಕೆ ಅಂತ ವೈರು ಕಿತ್ತು, ಅಭ್ಯಾಸಬಲದಿಂದ ಬಲಗಡೆಗೆ ಚುಚ್ಚುತಿದ್ದ. ಪೆಟ್ಟಿಗೆ ಸರಿಹೋಗ್ತಿತ್ತು. ವಾಸಿ ಮಾಡಿದ್ದು ಔಷಧಿಯಲ್ಲ; ಔಷಧಿ ಕುಡಿಸೋಕೆ ಅಂತ ರೋಗಿಯನ್ನ ಮಗ್ಗುಲು ತಿರುಗಿಸಿದ್ದು!"

ನೂರುಲ್ಲಾ ಬಾಯಿ ತೆರೆದು ನಿಂತುಬಿಟ್ಟ. "ಅಷ್ಟೂ ಸಲ ನಾನು ನಲವತ್ತು ನಿಮಿಷ ಹಾಡು ಕೇಳಿದ್ದು ದಂಡವಾ ಅಮ್ಮಾ?"

"ಹಂಗಾದ್ರೆ ಗೊತ್ತಾಯ್ತಲ್ಲ," ಬಾಲರಾಜ್ ಕೈಯೆತ್ತಿದರು. "ಶುಕ್ರವಾರ ಕೋಣೆಗೆ ಹೋಗೋದು ಮುನಿನಾರಾಯಣಮ್ಮ. ಒರೆಸುವಾಗ ಕಿತ್ತು ಎಲ್ಲಿಗೋ ಚುಚ್ಚಿದಾಳೆ."

ಹಿಂದೆ ಗೋಡೆಗೊರಗಿ ನಿಂತಿದ್ದ ಮುನಿನಾರಾಯಣಮ್ಮನ ಮುಖ ಕಪ್ಪಿಟ್ಟಿತು. "ಇಲ್ಲ ಸಾಮೀ, ದೇವ್ರಾಣೆ..."

"ದೇವರನ್ನ ಕರೀಬೇಡ, ನಿನ್ನ ಕುಂಕುಮವೇ ಸಾಕ್ಷಿ," ಎಂದ ಕೌಸಲ್ಯಾ ಲ್ಯಾಪ್‌ಟಾಪನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ವೈರಿಗೊಂದು ಬೊಟ್ಟು, ಬಲಗಡೆ ತೂತಿಗೊಂದು ಬೊಟ್ಟು. ಅಕ್ಷರ ಬರದೋಳು ಮೊದಲ ವಾರವೇ ಈ ಗುರುತು ಮಾಡ್ಕೊಂಡಿದಾಳೆ. ಅಷ್ಟು ದೊಡ್ಡ ಕಂಪನಿ ಪುಸ್ತಕದಲ್ಲಿ ಬರೀಬೇಕಾಗಿದ್ದನ್ನ ಇವಳು ಕುಂಕುಮದಲ್ಲಿ ಬರೆದಿದಾಳೆ. ಮೊನ್ನೆ ನಮ್ಮೆದುರೇ ವೈರನ್ನ ಬಲಗಡೆಗೇ ಹಾಕಿದ್ಲು. ಮೂರು ವಾರದ ಹಿಂದಿನ ಶುಕ್ರವಾರವೂ ಒರೆಸಿದ್ಲು, ಮಾರನೇ ದಿನ ಪೆಟ್ಟಿಗೆ ಕೆಡಲಿಲ್ಲ."

ಜನ ತಿರುಗಿ ನೋಡಿದರು. ಒಂದಿಬ್ಬರು ಚಪ್ಪಾಳೆ ತಟ್ಟಿದರು. ಮುನಿನಾರಾಯಣಮ್ಮ ಸೆರಗಿನ ಚುಂಗಿನಿಂದ ಮುಖ ಒರೆಸಿಕೊಂಡು, ಗೋಡೆ ಬಿಟ್ಟು ನೆಟ್ಟಗೆ ನಿಂತಳು.

"ಅಂದ ಮೇಲೆ ಅವಳು ಹೋದ ನಂತರ, ಶನಿವಾರ ಬೆಳಗಾಗೋದರೊಳಗೆ, ಇನ್ನೊಬ್ಬರು ಬಂದು ವೈರು ಬದಲಾಯಿಸ್ತಾರೆ. ರಾಧಾಮಣಿಗೆ ಜಯಂತನ ಮೇಲೆ ಅನುಮಾನ."

"ನನ್ನ ಮೇಲಾ ಆಂಟಿ?" ಜಯಂತ್ ಹೌಹಾರಿದ. ರಾಧಾಮಣಿಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಅವನಲ್ಲ. ಆ ನಾಲ್ಕನೇ ಶುಕ್ರವಾರ ಜಯಂತ್ ಇಲ್ಲೇ ಇದ್ದ ಅಂತ ರಾಧಾಮಣಿಯ ದಿನಚರೀಲೇ ಇದೆ. ಅವತ್ತು ಇಲ್ಲದೆ ಇದ್ದಿದ್ದು ಎರಡು. ಭಜನೆ, ಮತ್ತೆ ಭಜನೆ ನಡೆಸೋರು." ಕೌಸಲ್ಯಾರ ದನಿ ಮೆತ್ತಗಾಯಿತು. "ಪೆಟ್ಟಿಗೆ ಬಂದ ಕಾಲದಿಂದಲೇ ಭಜನೆಯ ಶ್ರುತಿ ಚೆನ್ನಾಗಾಯ್ತು. ಮೊನ್ನೆ ನಾನೂ ಬಂದೆ. ತಂಬೂರಿ ಒಂದು ಕ್ಷಣ ನಿಂತಾಗ ಪಟದ ಹಿಂದಿಂದ ಗುರ್ರ್... ಟಿಕ್ ಅಂತ ಕೇಳಿಸ್ತು. ಕೆಟ್ಟ ಪಾಠಗಳಲ್ಲಿರೋ ಶಬ್ದವೂ ಅದೇ. ಅಟ್ಟೂರಲ್ಲಿ ಹಂಗೆ ಗೊಣಗೋ ಲ್ಯಾಪ್‌ಟಾಪು ಒಂದೇ. ಬಾಲರಾಜ್ ಅವರೇ, ನಾನು ಹೇಳಿದ್ದರಲ್ಲಿ ತಪ್ಪಿದ್ರೆ ತಿದ್ದಿ."

ಬಾಲರಾಜ್ ಕೈಯಲ್ಲಿದ್ದ ಕಾಗದ ಕೆಳಗಿಳಿಸಿದರು. ಅವರೇನು ಕೆಟ್ಟ ಮನುಷ್ಯರಲ್ಲ ಎಂಬುದು ರಾಧಾಮಣಿಗೆ ಗೊತ್ತಿತ್ತು. ಸಂಘಕ್ಕಾಗಿ ಬೆಳಗಿನಿಂದ ಸಂಜೆವರೆಗೆ ಓಡಾಡುವ ಜೀವ ಅದು.

"ತಪ್ಪಿಲ್ಲ," ಎಂದರು. "ಫೋನಿನ ಶ್ರುತಿ ಕರಕರ ಅನ್ನುತ್ತೆ ಅಂತ ರಾಧಾಮಣಿ ಅಮ್ಮನವರು ಒಂದಿನ ಅಂದಿದ್ರು. ಲ್ಯಾಪ್‌ಟಾಪಿಂದ ಸ್ಪೀಕರಿಗೆ ಹಾಕಿದ್ರೆ ಚೆನ್ನಾಗಿ ಬಂತು. ಒಂದು ಗಂಟೆ ತಾನೇ ಅಂತ ತಂದೆ. ಹೊರಗೆ ಒಯ್ಯಬಾರದು ಅಂತ ನಾನೇ ಬರೆದು ಅಂಟಿಸಿದ್ದು. ಯಾರಿಗೂ ಹೇಳೋಕೆ ಬಾಯಿ ಬರಲಿಲ್ಲ. ವಾಪಸ್ ಇಟ್ಟು ವೈರು ಚುಚ್ಚುವಾಗ ಕೈಗೆ ಎಡಗಡೆ ತೂತೇ ಸಿಗ್ತಿತ್ತು, ಯಾವ ತೂತಾದ್ರೇನು ಅಂದ್ಕೊಂಡೆ. ಮಿಕ್ಸಿ ಪ್ಲಗ್ ಯಾವ ಸ್ವಿಚ್ಚಿಗೆ ಹಾಕಿದ್ರೂ ತಿರುಗುತ್ತಲ್ಲ."

ಅವರು ಕಾಗದವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು. ಬಾಗಿಲವರೆಗೆ ನಡೆದು ಹೋಗಿ ನೂರುಲ್ಲಾನ ಎರಡೂ ಕೈ ಹಿಡಿದರು. "ಬೋರ್ಡಿಗೆ ನನ್ನ ಹೆಸರು ಹಾಕ್ತೀನಿ ಕಣಪ್ಪಾ. ತಪ್ಪು ಯಾರದು ಅಂತ. ಗ್ರೂಪಿಗೂ ಹಾಕ್ತೀನಿ."

"ನಿಮ್ಮ ಹೆಸರೂ ಬೇಡ ಸರ್," ಎಂದ ನೂರುಲ್ಲಾ. "ಪೆಟ್ಟಿಗೆ ಒಳ್ಳೇದು ಅಂತ ಹಾಕಿ. ಅಷ್ಟು ಸಾಕು. ಮುನಿನಾರಾಯಣಮ್ಮನ ಹತ್ರಾನೂ ಒಂದು ಮಾತು ಕ್ಷಮೆ ಕೇಳಿ."

ಬಾಲರಾಜ್ ಹಿಂದಿನ ಗೋಡೆಯವರೆಗೂ ನಡೆದು ಹೋಗಿ ಕೈ ಮುಗಿದರು. "ಓಗ್ಲಿ ಬುಡಿ ಸಾಮಿ," ಎಂದಳವಳು. "ಇನ್ಮ್ಯಾಕ್ ಬೊಟ್ಟು ನೋಡಿ ಚುಚ್ಚಿ."

ಸಭೆ ಗೊಳ್ಳೆಂದು ನಕ್ಕಿತು. ಆಗ ಮೇಷ್ಟ್ರು ಎದ್ದರು. "ಪತ್ತೆಯೇನೋ ಆಯ್ತು. ಒಂಬತ್ತು ಪಾಠ ಮಾತ್ರ ಹಾಳಾದದ್ದು ಹಾಳಾಗೇ ಇದೆ. ನನಗಿರೋದು ಎರಡೂವರೆ ದಿನ, ಗಂಟಲಲ್ಲಿ ಉಳಿದಿರೋದು ಮೂರು ಪಾಠದಷ್ಟು ದನಿ. ಮಿಕ್ಕಿದ್ದು?"

ಕೈ ಮೊದಲು ಎತ್ತಿದ್ದು ರಾಧಾಮಣಿ. ಎತ್ತಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಆಮೇಲೆ ಕೌಸಲ್ಯಾ, ಆಮೇಲೆ ಜಯಂತ್. ಬಾಲರಾಜ್ ಎರಡು ಪಾಠ ಕೇಳಿ ಪಡೆದರು. "ರಾಗವಾಗಿ ಓದಬಾರದು," ಎಂದು ಮೇಷ್ಟ್ರು ಷರತ್ತು ಹಾಕಿದರು.

ಅಂದಿನಿಂದ ಮಂಗಳವಾರ ಸಂಜೆಯವರೆಗೆ ಓದುಕೋಣೆಯ ಬಾಗಿಲಲ್ಲಿ ಯಾರಾದರೊಬ್ಬರು ಪುಸ್ತಕ ಹಿಡಿದು ತುಟಿಯಲ್ಲೇ ಅಭ್ಯಾಸ ಮಾಡುತ್ತ ಕೂತಿರುತ್ತಿದ್ದರು. ಭಾವನಾ ಚಿಕ್ಕಬಾಣಾವರಕ್ಕೆ ವಾಪಸಾಗದೆ ರಾಧಾಮಣಿಯ ಮನೆಯಲ್ಲೇ ಉಳಿದಳು. ಹೆಡ್‌ಫೋನು ಹಾಕಿಕೊಂಡು ಪ್ರತಿಯೊಬ್ಬರ ದನಿಯನ್ನೂ ಅವಳೇ ಪರೀಕ್ಷಿಸುತ್ತಿದ್ದಳು. ಕೌಸಲ್ಯಾ ಓದಿದ್ದು ಟ್ರಂಕ್ ಕಾಲ್ ಬಂದಂತಿದೆ ಎಂದಳು. ಮೇಷ್ಟ್ರ ಮೂರನೆಯ ಪಾಠ ಮುಗಿದಾಗ ಮಾತ್ರ ಏನೂ ಹೇಳದೆ ತಡಕಾಡಿ ಅವರ ಕಾಲು ಮುಟ್ಟಿದಳು.

ಕೊನೆಯ ಪಾಠ ಉಳಿದಿತ್ತು. ನೂರುಲ್ಲಾ ಲ್ಯಾಪ್‌ಟಾಪಿಗೆ ಹೊಸ ಫ್ಯಾನು ಹಾಕಿ ಮುಗಿಸಿ ತಿರುಪಿನ ಡಬ್ಬಿ ಮುಚ್ಚುತ್ತಿದ್ದ. ಮೇಷ್ಟ್ರು ಪುಸ್ತಕವನ್ನು ಅವನ ಮುಂದೆ ಹಿಡಿದರು.

"ನಾನಾ? ಬೇಡಿ ಮೇಷ್ಟ್ರೇ. ನನ್ನ ಉಚ್ಚಾರಣೆ..."

"ಯಲಹಂಕದ ಸರ್ಕಾರಿ ಶಾಲೇಲಿ ಏಳನೇ ಕ್ಲಾಸಿಗೆ ನಿನಗೆ ಕನ್ನಡ ಹೇಳಿಕೊಟ್ಟೋರು ಯಾರು?"

"ನೀವೇ."

"ಹಂಗಾದ್ರೆ ಯಾರ ಉಚ್ಚಾರಣೆ ಬಗ್ಗೆ ಮಾತಾಡ್ತಿದೀಯಾ?"

ನೂರುಲ್ಲಾ ಕೈಯ ಎಣ್ಣೆ ಒರೆಸಿಕೊಂಡು ಮೈಕಿನ ಮುಂದೆ ಕೂತ. ಬಾಗಿಲ ಆಚೆ ಬಾಲರಾಜ್, ಮುನಿನಾರಾಯಣಮ್ಮ, ಜಯಂತ್ ಉಸಿರು ಬಿಗಿಹಿಡಿದು ನಿಂತರು. ಪಾಠದ ಹೆಸರು ಓದಿ, ಮೆಲ್ಲಗೆ, "ಓದುತ್ತಿರುವವನು ಅಟ್ಟೂರಿನ ನೂರುಲ್ಲಾ" ಎಂದ.

ಭಾವನಾ ಕೈಯೆತ್ತಿ ನಿಲ್ಲಿಸಿದಳು. "ಸರ್, ಪಾಠದ ಹೆಸರು ಚೆನ್ನಾಗಿ ಬಂತು. ನಿಮ್ಮ ಹೆಸರು ಕೇಳಿಸ್ತಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ನೂರುಲ್ಲಾ ಬೆನ್ನು ನೆಟ್ಟಗೆ ಮಾಡಿದ. ಈ ಸಲ ಅವನು ಹೇಳಿದ್ದು ಗೇಟಿನವರೆಗೂ ಕೇಳಿಸಿತು.